ಎದೆನೋವಿನ ಮಾತ್ರೆಗಳು: ಯಾವುದು ಯಾವುದಕ್ಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಂಜೈನಾ ಬಗ್ಗೆಯೇ ಇವೆ. ಆಂಜೈನಾ ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದನ್ನೇ ಹಿಡಿದುಕೊಂಡಿದ್ದೇನೆ. ಪತ್ರಗಳನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎಲ್ಲರ ಕೈಯಲ್ಲೂ ಮಾತ್ರೆ ಇದೆ, ಆದರೆ ಯಾವ ಮಾತ್ರೆ ಯಾವ ಕೆಲಸಕ್ಕೆ ಅಂತ ಯಾರೂ ಕೂರಿಸಿಕೊಂಡು ಹೇಳಿಲ್ಲ.

ನಮ್ಮ ತಂದೆಗೆ 68 ವರ್ಷ. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡ ಹಾಗಾಗುತ್ತದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟಿದ್ದಾರೆ. ಅಪ್ಪ ಅದನ್ನು ಮುಟ್ಟುವುದೇ ಇಲ್ಲ. 'ಈಗಲೇ ಅಭ್ಯಾಸ ಆಗಿಬಿಟ್ಟರೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡಲ್ಲ' ಅಂತಾರೆ. ಹೌದಾ ಡಾಕ್ಟ್ರೇ?

ಇಲ್ಲ, ಖಂಡಿತ ಇಲ್ಲ. ಈ ತಪ್ಪು ನಂಬಿಕೆಯಿಂದ ಎಷ್ಟೋ ಜನ ಸುಮ್ನೆ ನರಳುತ್ತಿದ್ದಾರೆ, ಅದಕ್ಕೇ ನಿಮ್ಮ ಪತ್ರವನ್ನು ಮೊದಲು ತಗೊಂಡೆ.

ಹೃದಯ ಊರಿಗೆಲ್ಲ ರಕ್ತ ಹಂಚುತ್ತದೆ, ಆದರೆ ಅದಕ್ಕೂ ತನ್ನ ಪಾಲಿನ ರಕ್ತ ಬೇಕು. ಆ ರಕ್ತ ತರುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ದಾರಿ ಕಿರಿದಾಗಿರುತ್ತದೆ. ಸುಮ್ಮನೆ ಕೂತಿದ್ದಾಗ ಅಷ್ಟೇ ರಕ್ತ ಸಾಕು. ಮೆಟ್ಟಿಲು ಹತ್ತಿದಾಗ, ಚಳಿಯಲ್ಲಿ ಬಿರುಸಾಗಿ ನಡೆದಾಗ, ಹೊಟ್ಟೆ ತುಂಬ ಉಂಡು ಎದ್ದು ಓಡಾಡಿದಾಗ, ವಿಪರೀತ ಸಿಟ್ಟು ಬಂದಾಗ ಹೃದಯ ಜೋರಾಗಿ ದುಡಿಯಬೇಕಾಗುತ್ತದೆ, ಆಗ ಸಾಲುವುದಿಲ್ಲ. ಆ ಕೊರತೆಯೇ ಬಿಗಿತವಾಗಿ, ಭಾರವಾಗಿ, ಕೆಲವರಿಗೆ ಉರಿಯಾಗಿ ಎದೆಯಲ್ಲಿ ಕಾಣಿಸುತ್ತದೆ. ತೋಳು, ದವಡೆ, ಕುತ್ತಿಗೆ, ಬೆನ್ನಿಗೂ ಹರಡಬಹುದು. ನಿಂತು ಸುಧಾರಿಸಿಕೊಂಡರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಎಲ್ಲಿ ನೋವು ಅಂತ ಕೇಳಿದರೆ ಬಹಳ ಜನ ಬೆರಳು ತೋರಿಸುವುದಿಲ್ಲ, ಮುಷ್ಟಿ ಬಿಗಿ ಮಾಡಿ ಎದೆಯ ನಡುವೆ ಒತ್ತಿ ಹಿಡಿಯುತ್ತಾರೆ. ಅವರು ಬಾಯಿ ಬಿಡುವ ಮೊದಲೇ ಆ ಕೈ ಅರ್ಧ ವಿಷಯ ಹೇಳಿಬಿಟ್ಟಿರುತ್ತದೆ.

ನಾಲಿಗೆ ಕೆಳಗಿನ ಮಾತ್ರೆ ಅಂದರೆ ನೈಟ್ರೋಗ್ಲಿಸರಿನ್, ಇಲ್ಲವೇ ಐಸೋಸಾರ್ಬೈಡ್ ಡೈನೈಟ್ರೇಟ್. ಎರಡನೆಯದನ್ನು ಬಹಳ ಜನ ಸಾರ್ಬಿಟ್ರೇಟ್ ಅಂತಲೇ ಕರೆಯುತ್ತಾರೆ. ಇದು ಬರೀ ನೋವಿನ ಮಾತ್ರೆ ಅಲ್ಲ. ಮೈಯ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಆಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಅದರ ಹೊರೆ ಇಳಿಯುತ್ತದೆ. ಹೃದಯದ ನಾಳಗಳೂ ಸ್ವಲ್ಪ ಅಗಲವಾಗುತ್ತವೆ. ನೈಟ್ರೋಗ್ಲಿಸರಿನ್ ಆದರೆ 1ರಿಂದ 3 ನಿಮಿಷದಲ್ಲಿ ಪರಿಣಾಮ ಗೊತ್ತಾಗುತ್ತದೆ, ಇನ್ನೊಂದು ಸ್ವಲ್ಪ ನಿಧಾನ. ಆಗೊಮ್ಮೆ ಈಗೊಮ್ಮೆ ನೋವು ಬಂದಾಗ ತಗೊಂಡರೆ ಇದರ ಶಕ್ತಿ ಕುಂದುವುದಿಲ್ಲ. ಹಗಲೂ ರಾತ್ರಿ ಬಿಡುವಿಲ್ಲದೆ ಇದೇ ಜಾತಿಯ ಔಷಧಿ ಮೈಯಲ್ಲಿದ್ದರೆ ಕುಂದುತ್ತದೆ. ನಿಮ್ಮ ತಂದೆ ಕೇಳಿದ್ದು ಬಹುಶಃ ಆ ಮಾತನ್ನೇ, ಯಾರ ಬಾಯಲ್ಲೋ ತಿರುಚಿಕೊಂಡು ಬಂದಿರಬೇಕು.

ತಗೊಳ್ಳುವ ರೀತಿಯನ್ನು ಅವರಿಗೆ ಓದಿ ಹೇಳಿ. ನೋವು ಶುರುವಾದ ಕೂಡಲೇ ಮಾಡುತ್ತಿರುವ ಕೆಲಸ ಬಿಟ್ಟು ಕೂತುಕೊಳ್ಳಬೇಕು. ನಿಂತು ತಗೊಂಡರೆ ಬಿಪಿ ಇಳಿದು ತಲೆ ಸುತ್ತಿ ಬೀಳಬಹುದು. ಪೂರ್ತಿ ಮಲಗಿದರೆ ಕಾಲಿನ ರಕ್ತ ಹೃದಯದ ಕಡೆ ಬಂದು ಹೊರೆ ಜಾಸ್ತಿಯಾಗುತ್ತದೆ, ಅದಕ್ಕೇ ಕೂರುವುದು ಒಳ್ಳೆಯದು. ಮಾತ್ರೆ ನಾಲಿಗೆ ಕೆಳಗೆ ಕರಗಬೇಕು, ನುಂಗಬಾರದು. ನುಂಗಿದರೆ ಹೊಟ್ಟೆಯಿಂದ ನೇರ ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗುತ್ತದೆ, ಅಲ್ಲಿ ಅದರ ಬಹುಪಾಲು ನಾಶವಾಗುತ್ತದೆ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕುಡಿಯಲಿ. ಆಮೇಲೆ ಗಡಿಯಾರ ನೋಡಿ. ಒಂದು ಮಾತ್ರೆ ಇಟ್ಟು 5 ನಿಮಿಷ ಆದರೂ ನೋವು ಇಳಿಯದಿದ್ದರೆ, ಅಥವಾ ಜಾಸ್ತಿಯಾಗುತ್ತಿದ್ದರೆ, ಆಂಬುಲೆನ್ಸ್ ಕರೆಯಿರಿ. ಇನ್ನೊಂದು ಸಲ ನೋಡೋಣ, ಪಕ್ಕದ ಮನೆಯವರನ್ನು ಕೇಳೋಣ ಅಂತ ಕಾಯಬೇಡಿ. ಕರೆದ ಮೇಲೆ ಡಾಕ್ಟರು ಹೇಳಿದ್ದರೆ 5 ನಿಮಿಷದ ಅಂತರದಲ್ಲಿ ಇನ್ನೊಂದು, ಒಟ್ಟು ಮೂರರವರೆಗೆ ಇಡಬಹುದು. ಅಲರ್ಜಿ ಇಲ್ಲದಿದ್ದರೆ, ಆಸ್ಪಿರಿನ್ ಬೇಡ ಅಂತ ಡಾಕ್ಟರು ಹೇಳಿರದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲಿ. ತಾವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವ ಸಾಹಸ ಮಾತ್ರ ಬೇಡ.

ಇನ್ನೊಂದು ಉಪಯೋಗ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಇಷ್ಟು ಮೆಟ್ಟಿಲು ಹತ್ತಿದರೆ ನೋವು ಬಂದೇ ಬರುತ್ತದೆ ಅಂತ ಗೊತ್ತಿದ್ದರೆ, ಡಾಕ್ಟರನ್ನು ಕೇಳಿಕೊಂಡು, ಹತ್ತುವ 5-10 ನಿಮಿಷ ಮೊದಲೇ ಇಟ್ಟುಕೊಳ್ಳಬಹುದು. ನೋವನ್ನು ತಡೆದುಕೊಂಡರೆ ಹೃದಯ ಗಟ್ಟಿಯಾಗುವುದಿಲ್ಲ.

ಮಾತ್ರೆ ಹೇಗೆ ಇಟ್ಟಿದ್ದಾರೆ ಅಂತಲೂ ನೋಡಿ. ಒಮ್ಮೆ ಒಬ್ಬ ಹಿರಿಯರು, 'ಮಾತ್ರೆ ಇಟ್ಟುಕೊಂಡರೂ ಏನೂ ಆಗಲ್ಲ' ಅಂತ ಬಂದರು. ತೋರಿಸಿ ಅಂದೆ. ಅಂಗಿ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಬೆವರಿಗೆ ಮೆತ್ತಗಾಗಿತ್ತು. ಬಿಚ್ಚಿದರೆ ಒಳಗೆ ನಾಲ್ಕು ನೈಟ್ರೋಗ್ಲಿಸರಿನ್ ಮಾತ್ರೆ, ಅಂಚೆಲ್ಲ ಸವೆದು ಮಡಿಕೆಗಳಲ್ಲಿ ಬಿಳಿ ಪುಡಿ. ಎಷ್ಟು ದಿನದ್ದು ಅಂದರೆ 'ಹೋದ ವರ್ಷದ್ದು' ಅಂದರು. ಆ ಮಾತ್ರೆ ಬಿಸಿಲು, ಬಿಸಿ, ತೇವ, ಗಾಳಿ ಯಾವುದನ್ನೂ ತಡೆಯುವುದಿಲ್ಲ, ಔಷಧಿಯ ಅಂಶ ಆರಿಹೋಗುತ್ತದೆ. ಅದು ಬಂದ ಗಾಜಿನ ಸೀಸೆಯಲ್ಲೇ, ಮುಚ್ಚಳ ಬಿಗಿಯಾಗಿ ಹಾಕಿ ಇಡಬೇಕು. ಬೇರೆ ಮಾತ್ರೆಗಳ ಡಬ್ಬಿಗೆ ಸುರಿಯಬಾರದು. ಸೀಸೆ ತೆರೆದ ದಿನ ಅದರ ಮೇಲೆ ತಾರೀಕು ಬರೆದಿಡಿ, ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಅಂತ ಲೇಬಲ್ಲಿನಲ್ಲಿ ಇರುವುದನ್ನು ನೋಡಿ. ಸ್ಪ್ರೇ ಸಿಕ್ಕರೆ ಈ ತಾಪತ್ರಯ ಕಡಿಮೆ, ಅದು ಹೆಚ್ಚು ಕಾಲ ಬಾಳಿಕೆ ಬರುತ್ತದೆ.

ಆ ಮಾತ್ರೆ ಇಟ್ಟುಕೊಂಡರೆ ತಲೆ ಸಿಡಿದು ಹೋಗುತ್ತದೆ. ನನಗೆ ಆಗಿ ಬರುವುದಿಲ್ಲ ಅಂತ ಬಿಟ್ಟುಬಿಟ್ಟಿದ್ದೇನೆ. ತಪ್ಪಾ?

ತಪ್ಪು ಅನ್ನುವುದಕ್ಕಿಂತ, ನಿಮಗೆ ಮೊದಲೇ ಹೇಳಿರಬೇಕಿತ್ತು. ಎದೆಯ ನಾಳ ಸಡಿಲ ಮಾಡುವ ಔಷಧಿ ತಲೆಯ ನಾಳಗಳನ್ನೂ ಸಡಿಲ ಮಾಡುತ್ತದೆ, ಅದಕ್ಕೇ ಆ ಸಿಡಿತ. ಇದು ಹೊಸ ದೂರಲ್ಲ. ಲಂಡನ್ನಿನ ವಿಲಿಯಂ ಮರೆಲ್ ಎಂಬ ವೈದ್ಯ 1879ರಲ್ಲಿ ಎದೆನೋವಿಗೆ ನೈಟ್ರೋಗ್ಲಿಸರಿನ್ ಕೆಲಸ ಮಾಡುತ್ತದೆ ಅಂತ ಮೊದಲು ಬರೆದಾಗ, ಅದಕ್ಕೂ ಮುಂಚೆ ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದ. ಔಷಧಿ ತಾಗಿದ್ದ ಬಿರಡೆಯನ್ನು ನಾಲಿಗೆಗೆ ಮುಟ್ಟಿಸಿದ್ದಷ್ಟೇ, ತಲೆ ದಬದಬ ಬಡಿದುಕೊಳ್ಳಲು ಶುರುವಾಯಿತು.

ತಲೆನೋವು ಬಂತು ಅಂದರೆ ಮಾತ್ರೆಯಲ್ಲಿ ಶಕ್ತಿ ಇದೆ ಅಂತಲೇ ಅರ್ಥ. ಎದೆನೋವು ಇಳಿದ ಕೂಡಲೇ ಬಾಯಲ್ಲಿ ಉಳಿದ ಚೂರನ್ನು ಉಗಿದುಬಿಡಬಹುದು, ಆಗ ತಲೆನೋವು ಕಡಿಮೆ. ಪ್ಯಾರಸಿಟಮಾಲ್ ತಗೊಳ್ಳಬಹುದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ತಗೋಬೇಡಿ, ಹೃದಯದ ತೊಂದರೆ ಇರುವವರಿಗೆ ಅವುಗಳಿಂದ ಅಪಾಯ ಜಾಸ್ತಿ. ಅಷ್ಟಾದರೂ ತಡೆಯಲು ಆಗದಿದ್ದರೆ ಡೋಸ್ ಇಳಿಸಿ ಕೊಡುತ್ತಾರೆ. ಕೇಳಿ ಇಳಿಸಿಕೊಳ್ಳಿ, ಬಿಡಬೇಡಿ.

ಐಸೋಸಾರ್ಬೈಡ್ ಮಾನೋನೈಟ್ರೇಟ್ ದಿನಕ್ಕೆ ಎರಡು ಸಲ ಬರೆದಿದ್ದಾರೆ. ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಇನ್ನೊಂದು. ಬೇರೆಲ್ಲ ಮಾತ್ರೆ ಬೆಳಿಗ್ಗೆ-ರಾತ್ರಿ ಇರುವಾಗ ಇದೊಂದು ಯಾಕೆ ಹೀಗೆ? ನಾನು ರಾತ್ರಿ 8ಕ್ಕೆ ತಗೊಳ್ಳುತ್ತಿದ್ದೇನೆ.

ಚೀಟಿಯಲ್ಲಿ ಇದ್ದ ಹಾಗೇ 3ಕ್ಕೆ ತಗೊಳ್ಳಿ, ದಯವಿಟ್ಟು. ಮೊದಲ ಉತ್ತರದಲ್ಲಿ ಹೇಳಿದ ಆ 'ಶಕ್ತಿ ಕುಂದುವ' ಮಾತು ನಿಮಗೆ ಅನ್ವಯಿಸುತ್ತದೆ. ಈ ಜಾತಿಯ ಔಷಧಿ 24 ಗಂಟೆಯೂ ರಕ್ತದಲ್ಲಿ ಇದ್ದರೆ ನಾಳಗಳು ಅದಕ್ಕೆ ಒಗ್ಗಿಹೋಗಿ ಓಗೊಡುವುದನ್ನು ನಿಲ್ಲಿಸುತ್ತವೆ. ಹಾಗಾಗದಿರಲು ದಿನಕ್ಕೆ 10-14 ಗಂಟೆ ಮೈಗೆ ಬಿಡುವು ಕೊಡಬೇಕು. ಸಾಮಾನ್ಯವಾಗಿ ನೋವು ಕಡಿಮೆ ಇರುವ ರಾತ್ರಿ ಹೊತ್ತನ್ನು ಆ ಬಿಡುವಿಗೆ ಆರಿಸುತ್ತಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಬಳಸುವವರಿಗೆ ರಾತ್ರಿ ಕಿತ್ತುಬಿಡಿ ಅನ್ನುವುದೂ ಇದಕ್ಕೇ.

ಇದು ಎದ್ದು ಕಂಡಿದ್ದು ಸಿಡಿಮದ್ದಿನ ಕಾರ್ಖಾನೆಗಳಲ್ಲಿ. ಡೈನಮೈಟ್ ಮಾಡುವುದೂ ನೈಟ್ರೋಗ್ಲಿಸರಿನ್‌ನಿಂದಲೇ ಅಲ್ವಾ? ಅಲ್ಲಿನ ಕೆಲಸಗಾರರಿಗೆ ಸೋಮವಾರ ತಲೆ ಸಿಡಿಯುತ್ತಿತ್ತು, ವಾರ ಕಳೆದ ಹಾಗೆ ತಾನಾಗಿ ಕಡಿಮೆಯಾಗುತ್ತಿತ್ತು. ರಜೆ ಮುಗಿಸಿ ಬಂದರೆ ಮತ್ತೆ ಸೋಮವಾರ ಅದೇ ಕಥೆ. ಮೈ ಒಗ್ಗುವುದು, ಬಿಡುವು ಸಿಕ್ಕರೆ ಮತ್ತೆ ಮೊದಲಿನಂತಾಗುವುದು, ಎರಡೂ ಅಲ್ಲಿತ್ತು. ನಿಮ್ಮ 3 ಗಂಟೆಯ ಮಾತ್ರೆಯ ಹಿಂದಿನ ಲೆಕ್ಕವೂ ಅದೇ.

ನನಗೆ 61. ದಿನಾ ಐದು ಮಾತ್ರೆ: ಮೆಟೊಪ್ರೊಲಾಲ್, ಅಮ್ಲೋಡಿಪಿನ್, ಆಸ್ಪಿರಿನ್, ಅಟೊರ್ವಾಸ್ಟಾಟಿನ್, ರಾನೊಲಜಿನ್. ನಾಲ್ಕು ತಿಂಗಳಿಂದ ನೋವೇ ಇಲ್ಲ. ಆಸ್ಪಿರಿನ್, ಅಟೊರ್ವಾಸ್ಟಾಟಿನ್ ತಗೊಂಡರೂ ಬಿಟ್ಟರೂ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದೆರಡು ಬಿಡಬಹುದಾ?

ನೀವು ಬಿಡಬಹುದು ಅಂದುಕೊಂಡ ಆ ಎರಡೇ ಬಿಡಬಾರದಂಥವು. ನಿಮ್ಮ ಐದು ಮಾತ್ರೆಗಳನ್ನು ಮೇಜಿನ ಮೇಲೆ ಹಾಕಿ ಎರಡು ಗುಂಪು ಮಾಡಿ. ಒಂದು ಗುಂಪು ನೋವು ಬಾರದ ಹಾಗೆ ನೋಡಿಕೊಳ್ಳುವುದು: ಮೆಟೊಪ್ರೊಲಾಲ್, ಅಮ್ಲೋಡಿಪಿನ್, ರಾನೊಲಜಿನ್. ಇನ್ನೊಂದು ಗುಂಪು ಹಾರ್ಟ್ ಅಟ್ಯಾಕ್ ತಡೆಯುವುದು: ಆಸ್ಪಿರಿನ್ ಮತ್ತು ಅಟೊರ್ವಾಸ್ಟಾಟಿನ್. ಈ ಎರಡನೇ ಗುಂಪು ನೋವಿಗೆ ಕೊಟ್ಟಿದ್ದೇ ಅಲ್ಲ, ಅದಕ್ಕೇ ತಗೊಂಡರೂ ಬಿಟ್ಟರೂ ನಿಮಗೆ ಏನೂ ಅನಿಸುವುದಿಲ್ಲ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸಿ, ನಾಳದೊಳಗಿನ ಕೊಬ್ಬಿನ ಗಡ್ಡೆ ಸುಲಭವಾಗಿ ಒಡೆಯದ ಹಾಗೆ ಮಾಡುತ್ತದೆ. ಅಷ್ಟಾಗಿಯೂ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ನೋಡಿಕೊಳ್ಳುತ್ತದೆ. ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ ಅದೇ ಹಾರ್ಟ್ ಅಟ್ಯಾಕ್.

ಮೆಟೊಪ್ರೊಲಾಲ್ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಅಟೆನೊಲಾಲ್, ಬಿಸೊಪ್ರೊಲಾಲ್ ತಗೊಳ್ಳುವವರೂ ಓದಿ, ಮೂರೂ ಬೀಟಾ ಬ್ಲಾಕರ್‌ಗಳೇ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇವುಗಳ ದಾರಿ ತೆರೆದರು. ಹೃದಯಕ್ಕೆ ರಕ್ತ ಜಾಸ್ತಿ ಕೊಡುವುದು ಹೇಗೆ ಅಂತ ಎಲ್ಲರೂ ಹುಡುಕುತ್ತಿದ್ದಾಗ, ಹೃದಯದ ಬೇಡಿಕೆಯನ್ನೇ ಇಳಿಸಿದರೆ ಹೇಗೆ ಅಂತ ಅವರು ಯೋಚಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಈ ಮಾತ್ರೆ ನಾಡಿಯ ಓಟ ತಗ್ಗಿಸುತ್ತದೆ, ಕೂತಿದ್ದಾಗ ನಿಮಿಷಕ್ಕೆ 55ರಿಂದ 60ರ ಸುತ್ತ ಇರಲಿ ಅಂತ ಸಾಮಾನ್ಯವಾಗಿ ನೋಡುತ್ತೇವೆ. ಸ್ವಲ್ಪ ಸುಸ್ತು, ಕೈಕಾಲು ತಣ್ಣಗಾಗುವುದು ಇರಬಹುದು. ಆದರೆ ಇದನ್ನು ಒಮ್ಮೆಗೇ ನಿಲ್ಲಿಸಿದರೆ ಇಷ್ಟು ದಿನ ಅದುಮಿಟ್ಟ ಓಟವೆಲ್ಲ ಎದ್ದು ಬರುತ್ತದೆ. ನೋವು ಜೋರಾಗಬಹುದು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ನಿಲ್ಲಿಸಲೇಬೇಕಾದರೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಊರಿಗೆ ಹೋಗುವಾಗ ಮಾತ್ರೆ ಮರೆತು ಹೋದರೂ ಇದೇ ಅಪಾಯ, ಆದ್ದರಿಂದ ಚೀಲದಲ್ಲಿ ನಾಲ್ಕು ದಿನದ್ದು ಜಾಸ್ತಿಯೇ ಇರಲಿ. ಆಸ್ತಮಾ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಶುಗರ್ ಇರುವವರಿಗೆ ಒಂದು ಮಾತು: ಶುಗರ್ ಇಳಿದಾಗ ಆಗುವ ಎದೆ ಡವಡವ ಈ ಮಾತ್ರೆಯಿಂದ ಗೊತ್ತಾಗದೆ ಹೋಗಬಹುದು, ಬೆವರು ಮಾತ್ರ ಬರುತ್ತದೆ, ಅದನ್ನೇ ಗುರುತಾಗಿ ಹಿಡಿಯಿರಿ.

ಮಾತ್ರೆ ಇಳಿಸುವ ಮಾತು ಬಂದರೆ ಅದು ರಾನೊಲಜಿನ್‌ನಿಂದ ಶುರುವಾಗಬಹುದು, ಮೊದಲಿನ ಔಷಧಿಗಳು ಸಾಲದಿದ್ದಾಗ ಸೇರಿಸುವ ಮಾತ್ರೆ ಅದು. ಅದನ್ನೂ ನಿಮ್ಮ ಡಾಕ್ಟರೇ ತೀರ್ಮಾನಿಸಲಿ. ನಾಲ್ಕು ತಿಂಗಳಿಂದ ನೋವಿಲ್ಲ ಅಂತ ಅವರಿಗೆ ಹೇಳಿದ್ದೀರಾ?

ಅಮ್ಲೋಡಿಪಿನ್ ಶುರು ಮಾಡಿದ ಮೇಲೆ ಪಾದದ ಗಂಟು ಊದಿಕೊಂಡಿದೆ. ಕಿಡ್ನಿ ಹೋಯಿತಾ ಅಂತ ಭಯ.

ಬಹುಮಟ್ಟಿಗೆ ಮಾತ್ರೆಯದೇ ಕೆಲಸ. ಸಣ್ಣ ನಾಳಗಳು ಹಿಗ್ಗಿ ನೀರಿನಂಶ ಪಾದದಲ್ಲಿ ಸೋರುತ್ತದೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯಿಂದ ಇದು ಅಷ್ಟಾಗಿ ಇಳಿಯುವುದಿಲ್ಲ, ಡೋಸ್ ತಗ್ಗಿಸಿದರೆ ಅಥವಾ ಔಷಧಿ ಬದಲಿಸಿದರೆ ಇಳಿಯುತ್ತದೆ. ಆದರೂ ಒಮ್ಮೆ ತೋರಿಸಿ. ಊತದ ಜೊತೆ ಮಲಗಿದಾಗ ದಮ್ಮು ಕಟ್ಟುತ್ತಿದ್ದರೆ ನಾಳೆಗೆ ಅಂತ ಬಿಡಬೇಡಿ.

ಕೇಳಲು ನಾಚಿಕೆ. ನನಗೆ 57. ಆಂಜೈನಾಗೆ ಮಾತ್ರೆ ತಗೊಳ್ಳುತ್ತಿದ್ದೇನೆ. ದಾಂಪತ್ಯದ ವಿಷಯಕ್ಕೆ ಸ್ನೇಹಿತರು ಒಂದು ಮಾತ್ರೆ ಹೇಳಿದ್ದಾರೆ. ಎರಡೂ ತಗೊಳ್ಳಬಹುದಾ?

ಕೇಳಿದ್ದು ಬಹಳ ಒಳ್ಳೆಯದಾಯಿತು. ತಗೊಳ್ಳಲೇಬಾರದು. ಸಿಲ್ಡೆನಾಫಿಲ್, ಅಂದರೆ ವಯಾಗ್ರ, ಮತ್ತು ಟಡಾಲಾಫಿಲ್, ಇವು ನೈಟ್ರೇಟ್ ಜಾತಿಯ, ಅಂದರೆ ಮೇಲೆ ಹೇಳಿದ ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್ ತರಹದ ಮಾತ್ರೆ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಜೀವ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ, ನಾಲಿಗೆ ಕೆಳಗಿನ ಮಾತ್ರೆ ಮುಟ್ಟುವ ಹಾಗಿಲ್ಲ. ಆ ಹೊತ್ತಿನಲ್ಲಿ ಎದೆನೋವು ಬಂದರೆ ಆಂಬುಲೆನ್ಸ್ ಕರೆದು, ಬಂದವರಿಗೆ ಏನು ತಗೊಂಡಿದ್ದೀರಿ, ಎಷ್ಟು ಹೊತ್ತಿಗೆ ಅಂತ ಬಾಯಿಬಿಟ್ಟು ಹೇಳಿ. ಅವರು ಇಂಥದ್ದನ್ನು ದಿನಾ ಕೇಳುವವರು, ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ತೊಂದರೆಗೆ ಬೇರೆ ದಾರಿಗಳಿವೆ, ಆಂಜೈನಾ ಔಷಧಿಯನ್ನೇ ಬೇರೆ ಜಾತಿಗೆ ಬದಲಿಸುವುದೂ ಒಂದು ದಾರಿ. ನನಗೆ ಬರೆದದ್ದನ್ನೇ ನಿಮ್ಮ ಡಾಕ್ಟರಿಗೂ ಹೇಳಿ.

ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇದೆ ಅಂತ ಗೊತ್ತಾದ ಮೇಲೂ ಡಾಕ್ಟರು 'ಸದ್ಯ ಮಾತ್ರೆಯಲ್ಲೇ ನೋಡೋಣ' ಅಂದರು. ಮನೆಯವರೆಲ್ಲ ಸ್ಟೆಂಟ್ ಹಾಕಿಸಿಬಿಡೋಣ ಅಂತಿದ್ದಾರೆ. ಡಾಕ್ಟರು ಉದಾಸೀನ ಮಾಡುತ್ತಿದ್ದಾರಾ?

ನಿಮ್ಮ ನೋವು ತಿಂಗಳುಗಳಿಂದ ಒಂದೇ ತೆರನಾಗಿದ್ದು, ಶ್ರಮ ಪಟ್ಟಾಗ ಮಾತ್ರ ಬರುತ್ತಿದ್ದರೆ, ಅದು ಉದಾಸೀನ ಅಲ್ಲ. ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನದಲ್ಲಿ 37 ದೇಶಗಳ 5,179 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮಾತ್ರೆಯ ಜೊತೆಗೆ ಮೊದಲೇ ಆಂಜಿಯೋಗ್ರಾಂ, ಬೇಕಿದ್ದಲ್ಲಿ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದಕ್ಕೆ ಮೊದಲು ಬರೀ ಮಾತ್ರೆ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು, ಹಾರ್ಟ್ ಅಟ್ಯಾಕ್ ಎರಡರಲ್ಲೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಪದೇ ಪದೇ ನೋವು ಬರುತ್ತಿದ್ದವರಿಗೆ ಸ್ಟೆಂಟ್, ಬೈಪಾಸ್‌ನಿಂದ ನೋವು ಹೆಚ್ಚು ಚೆನ್ನಾಗಿ ಇಳಿಯಿತು. ಹಾಗಾಗಿ ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು, ಮಾತ್ರೆ ಸರಿಯಾಗಿ ತಗೊಂಡ ಮೇಲೂ ನೋವು ನನ್ನ ದಿನಚರಿಗೆ ಅಡ್ಡ ಬರುತ್ತಿದೆಯಾ ಅಂತ. ಬರುತ್ತಿದ್ದರೆ ಸ್ಟೆಂಟ್ ಬಗ್ಗೆ ಮಾತಾಡಿ.

ಎಡಭಾಗದ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರು, ಆಗಷ್ಟೇ ಹಾರ್ಟ್ ಅಟ್ಯಾಕ್ ಆದವರು ಆ ಲೆಕ್ಕದಲ್ಲಿ ಇರಲಿಲ್ಲ, ಅವರ ದಾರಿ ಬೇರೆ. ಸ್ಟೆಂಟ್ ಹಾಕಿಸಿಕೊಂಡರೂ ಮಾತ್ರೆ ತಪ್ಪುವುದಿಲ್ಲ ಅನ್ನುವುದನ್ನೂ ಮನೆಯವರಿಗೆ ಹೇಳಿ. ಹೊಸ ಸ್ಟೆಂಟ್ ಇರುವವರು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು.

ಅಮ್ಮನಿಗೆ 59, ಶುಗರ್ ಇದೆ. ನೋವು ಅಂತ ಹೇಳುವುದಿಲ್ಲ. ನಡೆದರೆ ಏದುಸಿರು, ದವಡೆ ಎಳೆತ, ಹೊಟ್ಟೆ ತೊಳಸುವುದು. ಗ್ಯಾಸ್ ಅಂತ ಎಲ್ಲರೂ ಹೇಳುತ್ತಾರೆ, ಗ್ಯಾಸ್ ಮಾತ್ರೆಗೆ ಕಡಿಮೆಯೂ ಆಗುತ್ತದೆ. ಆದರೆ ಈ ವಾರ ಕೂತಿದ್ದಾಗಲೂ ಎರಡು ಸಲ ಬಂತು.

ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು, ಇದು ಅಚ್ಚಾಗಿ ನಿಮ್ಮ ಕೈಗೆ ಬರುವವರೆಗೂ ನೀವು ಕಾದಿರಬಾರದು ಅಂತ. ಪತ್ರ ಸಿಕ್ಕಿದ ದಿನವೇ ನಿಮಗೆ ನೇರವಾಗಿ ಉತ್ತರ ಕಳಿಸಿದ್ದೇನೆ. ಇಲ್ಲಿ ಮತ್ತೆ ಬರೆಯುವುದು ಇಂಥದ್ದೇ ಅಮ್ಮ ಇರುವ ಉಳಿದವರಿಗಾಗಿ.

ಹೆಂಗಸರಲ್ಲಿ, ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ ಆಂಜೈನಾ ಎಷ್ಟೋ ಸಲ ಎದೆನೋವಾಗಿ ಬರುವುದೇ ಇಲ್ಲ. ಏದುಸಿರು, ವಿಪರೀತ ಸುಸ್ತು, ದವಡೆ ಎಳೆತ, ವಾಕರಿಕೆಯಾಗಿ ಬರುತ್ತದೆ. ನಡೆದಾಗ ಬಂದು ನಿಂತಾಗ ಹೋಗುತ್ತದೆ ಅನ್ನುವುದನ್ನೇ ಹಿಡಿಯಬೇಕು, ಗ್ಯಾಸ್ ಮೆಟ್ಟಿಲು ನೋಡಿಕೊಂಡು ಬರುವುದಿಲ್ಲ. ಗ್ಯಾಸ್ ಮಾತ್ರೆಗೆ ಕಡಿಮೆಯಾಯಿತು ಅನ್ನುವುದು ಸಾಕ್ಷಿ ಅಲ್ಲ, ಕೂತು ನೀರು ಕುಡಿದು ಮಾತ್ರೆ ನುಂಗುವಷ್ಟರಲ್ಲಿ ಆಂಜೈನಾ ತಾನಾಗಿಯೇ ಇಳಿದಿರುತ್ತದೆ. ಹಾಗೆಯೇ ನಾಲಿಗೆ ಕೆಳಗಿನ ಮಾತ್ರೆಗೆ ಕಡಿಮೆಯಾದರೆ ಹೃದಯದ್ದೇ ಅಂತಲೂ ಹೇಳಲಾಗದು, ಅನ್ನನಾಳದ ಸೆಳೆತವೂ ಅದಕ್ಕೆ ಸಡಿಲವಾಗುತ್ತದೆ. ಅದಕ್ಕೇ ಪರೀಕ್ಷೆ ಬೇಕು.

ಕೂತಿದ್ದಾಗಲೂ ಬರಲು ಶುರುವಾಯಿತು, ಮೊದಲಿಗಿಂತ ಪದೇ ಪದೇ ಬರುತ್ತಿದೆ, ಕಡಿಮೆ ಶ್ರಮಕ್ಕೇ ಬರುತ್ತಿದೆ, ಜಾಸ್ತಿ ಹೊತ್ತು ಇರುತ್ತದೆ, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದನ್ನು ಮನೆಯಲ್ಲಿ ಮಾತ್ರೆ ಬದಲಿಸಿ ನೋಡುವ ಕಾಲ ಮುಗಿಯಿತು. ಅದೇ ದಿನ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಬೇಕು. ಇಸಿಜಿ ಒಮ್ಮೆ ಸರಿ ಬಂತು ಅಂತ ವಾಪಸ್ ಬರಬೇಡಿ, ನೋವಿಲ್ಲದಾಗ ತೆಗೆದ ಇಸಿಜಿ ಸರಿಯಾಗಿಯೇ ಇರಬಹುದು. ರಕ್ತದಲ್ಲಿ ಟ್ರೋಪೋನಿನ್, ಅಂದರೆ ಹೃದಯಕ್ಕೆ ಪೆಟ್ಟಾದಾಗ ಏರುವ ಅಂಶ, ನೋಡಬೇಕು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕಾಗಬಹುದು. ಹೋಗುವಾಗ ಅಮ್ಮನ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಕೂತಿದ್ದಾಗ ಬಂದದ್ದು ಯಾವ ದಿನ, ಎಷ್ಟು ಹೊತ್ತು ಇತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೇಳಿದಾಗ ಅಮ್ಮ 'ಏನಿಲ್ಲ, ಸ್ವಲ್ಪ ಗ್ಯಾಸು' ಅಂತಲೇ ಹೇಳುವ ಸಾಧ್ಯತೆ ಜಾಸ್ತಿ, ಆಗ ಆ ಚೀಟಿಯನ್ನು ನೀವೇ ಡಾಕ್ಟರ ಕೈಗೆ ಕೊಡಿ.